ಕಳಸ ಕಂಡ ಗಳಿಗೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಬಳ್ಳಿಗಾವಿ ಎಂಬ ಗ್ರಾಮವಿದೆ. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಿಂದ ಪಶ್ಚಿಮಕ್ಕೆ ಹೊರಟು, ತುಂಗಭದ್ರೆಯನ್ನು ದಾಟಿ, ಹೊನ್ನಾಳಿ ಶಿಕಾರಿಪುರಗಳ ಮೇಲೆ ಹಾದುಹೋದರೆ ಅರ್ಧ ದಿನದೊಳಗೆ ಆ ಊರನ್ನು ಮುಟ್ಟಬಹುದು. ಇಂದು ಅದು ಗದ್ದೆ ತೋಟಗಳ ನಡುವಿನ ಒಂದು ಸಾಧಾರಣ ಹಳ್ಳಿ. ಆದರೆ ಎಂಟು ಒಂಬತ್ತು ನೂರು ವರ್ಷಗಳ ಹಿಂದೆ ಅದು ಬನವಾಸಿ ಹನ್ನೆರಡು ಸಾವಿರ ಎಂಬ ನಾಡಿನ ರಾಜಧಾನಿಯಾಗಿ ಮೆರೆದಿತ್ತು. ಅಲ್ಲಿಯ ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳೂ, 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭವೂ ಆ ವೈಭವಕ್ಕೆ ಸಾಕ್ಷಿಯಾಗಿ ಈಗಲೂ ಉಳಿದಿವೆ. ಕೋಡಿಯ ಮಠವೆಂಬ ಕಾಳಾಮುಖ ಯತಿಗಳ ವಿದ್ಯಾಕೇಂದ್ರವೂ ಅಲ್ಲಿತ್ತು. ವೇದ, ವ್ಯಾಕರಣ, ದರ್ಶನಗಳನ್ನು ಅಲ್ಲಿ ಕಲಿಸುತ್ತಿದ್ದರೆಂದೂ, ಹಸಿದವರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದರೆಂದೂ 1162ರ ಒಂದು ಶಾಸನವು ವರ್ಣಿಸುತ್ತದೆ. ವಿದ್ಯೆಗೂ ದೇವರಿಗೂ ಕೊರತೆಯಿಲ್ಲದಿದ್ದ ಊರು ಅದು. ಅಂಥ ಊರಿನಲ್ಲಿ, ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದ ಒಬ್ಬ ತರುಣನಿಗೆ ಅರಿವು ದೊರೆತುದು ಮಠದಲ್ಲಿ ಅಲ್ಲ, ಗ್ರಂಥದಲ್ಲಿ ಅಲ್ಲ. ಊರ ಹೊರಗಿನ ಒಂದು ತೋಟದ ಮಣ್ಣಿನಲ್ಲಿ. ಆ ತರುಣನೇ ಮುಂದೆ ಅಲ್ಲಮಪ್ರಭುವೆಂದು ಪ್ರಸಿದ್ಧನಾದ ಶರಣ.

ಅಲ್ಲಮನ ಜೀವನವನ್ನು ಕುರಿತು ನಮಗೆ ಹೇಳುವವರು ಮುಖ್ಯವಾಗಿ ಕವಿಗಳು. ಅವರಲ್ಲಿ ಮೊದಲಿಗನು ಹರಿಹರ. ಅಲ್ಲಮನ ಕಾಲಕ್ಕೆ ತೀರ ಸಮೀಪದಲ್ಲಿದ್ದ ಈ ಕವಿಯು ಪ್ರಭುದೇವರ ರಗಳೆಯನ್ನು ಬರೆದನು. ಅನಂತರ, ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿದ್ದ ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸಿದನು. ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶರಣರ ವಚನಗಳನ್ನೇ ಪೋಣಿಸಿ, ಅವರ ಸಂವಾದಗಳ ರೂಪದಲ್ಲಿ ಶೂನ್ಯಸಂಪಾದನೆಯನ್ನು ಸಂಕಲಿಸಿದನು. ಮುಂದೆ ಇನ್ನೂ ಮೂವರು ಅದನ್ನು ವಿಸ್ತರಿಸಿ ಪರಿಷ್ಕರಿಸಿದರು. ಇವೆಲ್ಲವೂ ಒಂದೇ ಕಥೆಯನ್ನು ಹೇಳುವುದಿಲ್ಲ. ನಾವು ಇಲ್ಲಿ ಮೊದಲು ಹರಿಹರನ ಜಾಡನ್ನು ಹಿಡಿಯೋಣ.

ಹರಿಹರನ ಪ್ರಕಾರ ಅಲ್ಲಮನ ತಂದೆ ಬಳ್ಳಿಗಾವಿಯ ನಾಗವಾಸಕ್ಕೆ, ಎಂದರೆ ದೇವಾಲಯದ ನರ್ತನ ಸೇವೆಯವರ ಸಮೂಹಕ್ಕೆ, ಒಡೆಯನಾಗಿದ್ದವನು. ಮಗನಿಗೆ ಎಳವೆಯಿಂದಲೇ ಕೈಗೆ ಬಂದ ವಿದ್ಯೆ ಮದ್ದಳೆ. ಮದ್ದಳೆಗಾರನ ಕೆಲಸ ಸುಲಭವಾದುದಲ್ಲ. ಕುಣಿಯುವವಳ ಹೆಜ್ಜೆಯನ್ನು ಅವಳಿಗಿಂತ ಒಂದು ಕ್ಷಣ ಮುಂಚೆಯೇ ಅವನ ಬೆರಳು ಅರಿತಿರಬೇಕು. ಪೆಟ್ಟು ಎಲ್ಲಿ ಬೀಳಬೇಕೆಂಬುದರಷ್ಟೇ ಎಲ್ಲಿ ಬೀಳಬಾರದೆಂಬುದೂ ಅವನಿಗೆ ತಿಳಿದಿರಬೇಕು. ಅಲ್ಲಮನು ಈ ವಿದ್ಯೆಯಲ್ಲಿ ನಿಪುಣನಾಗಿದ್ದನು. ಕಾಮಲತೆಯೆಂಬ ಚೆಲುವೆಯನ್ನು ಕಂಡು ಮನಸೋತನು. ಅವಳೂ ಅವನನ್ನು ಮೆಚ್ಚಿದಳು. ಇಬ್ಬರೂ ಒಂದಾಗಿ ಬಾಳತೊಡಗಿದರು. ಅವರ ಸುಖಕ್ಕೆ ಮಿತಿಯಿರಲಿಲ್ಲ, ಹಗಲು ಇರುಳುಗಳ ಎಣಿಕೆಯೂ ಇರಲಿಲ್ಲ. ಹೀಗಿರುವಾಗ ಒಂದು ದಿನ ಕಾಮಲತೆಗೆ ಜ್ವರ ಬಂದಿತು. ಇಂದಿನಂತೆ ಔಷಧವಿದ್ದ ಕಾಲವಲ್ಲ. ಆ ಜ್ವರದಲ್ಲಿಯೇ ಅವಳು ತೀರಿಹೋದಳು.

ಅಲ್ಲಮನು ಹುಚ್ಚನಂತಾದನು. ಮದ್ದಳೆಯನ್ನು ಮುಟ್ಟಲಿಲ್ಲ, ಮನೆಯಲ್ಲಿ ನಿಲ್ಲಲಿಲ್ಲ. ತನ್ನವಳ ಹೆಸರನ್ನು ಕರೆಯುತ್ತ ಊರ ಹೊರಗೆ ಅಲೆದನು. ಹೀಗೆ ಅಲೆಯುತ್ತ ಒಂದು ತೋಟವನ್ನು ಹೊಕ್ಕು, ಅಲ್ಲಿ ಕುಳಿತು, ಮಾಡಲು ಏನೂ ತೋಚದೆ ಕಾಲಿನ ಉಗುರಿನಿಂದ ನೆಲವನ್ನು ಕೆರೆಯುತ್ತಿದ್ದನು. ದುಃಖಿಗಳು ಹೀಗೆ ಮಾಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬಾಯಿಗೆ ಮಾತು ಬಾರದು, ಕಣ್ಣಿಗೆ ಎದುರಿನ ವಸ್ತು ಕಾಣದು. ಕೈಯೋ ಕಾಲೋ ತನ್ನಷ್ಟಕ್ಕೆ ತಾನು ನೆಲದ ಮೇಲೆ ಗೀರುತ್ತಿರುತ್ತದೆ. ಹರಿಹರನು ತನ್ನ ಕಥೆಯ ದೊಡ್ಡ ತಿರುವನ್ನು ಇಂಥ ಅತಿ ಸಣ್ಣ ಚೇಷ್ಟೆಯ ಮೇಲೆ ನಿಲ್ಲಿಸಿದುದು ನನಗೆ ಎಂದಿಗೂ ಆಶ್ಚರ್ಯದ ವಿಷಯ. ಉಗುರಿಗೆ ಏನೋ ಗಟ್ಟಿಯಾದುದು ತಾಗಿತು. ಮಣ್ಣು ಸರಿದಾಗ ಚಿನ್ನದ ಹೊಳಪು ಕಂಡಿತು. ಅದೊಂದು ಕಳಸ!

ಕಳಸವೆಂದರೆ ಗುಡಿಯ ತುದಿ. ತುದಿಯಿದ್ದ ಮೇಲೆ ಕೆಳಗೆ ಗುಡಿಯಿರಲೇಬೇಕು. ಅಲ್ಲಮನು ಅಗೆಯತೊಡಗಿದನು. ಅಗೆದಷ್ಟೂ ಗುಡಿ ಬೆಳೆಯಿತು: ಶಿಖರ ಬಂದಿತು, ಗೋಡೆ ಬಂದಿತು, ಕೊನೆಗೆ ಮುಚ್ಚಿದ ಬಾಗಿಲು ಬಂದಿತು. ಅದನ್ನು ಕಾಲಿನಿಂದ ಒದ್ದು ತೆರೆದನು. ಒಳಗೆ ಒಬ್ಬ ಯೋಗಿ ಕುಳಿತಿದ್ದನು. ಕೊರಳಲ್ಲಿ ರುದ್ರಾಕ್ಷಿಮಾಲೆ, ಹೊಳೆಯುವ ಜಡೆ, ಅಂಗೈಯಲ್ಲಿ ಲಿಂಗ. ಅವನ ಕಣ್ಣುಗಳು ಆ ಲಿಂಗದಲ್ಲಿ ನೆಟ್ಟಿದ್ದುವು, ರೆಪ್ಪೆ ಬಡಿಯುತ್ತಿರಲಿಲ್ಲ. ಆದುದರಿಂದಲೇ ಅವನ ಹೆಸರು ಅನಿಮಿಷಯ್ಯ. ನಿಮಿಷವೆಂದರೆ ರೆಪ್ಪೆ ಬಡಿಯುವಷ್ಟು ಕಾಲ. ರೆಪ್ಪೆಯೇ ಬಡಿಯದವನು ಅನಿಮಿಷ. ಬೆರಗಾಗಿ ನಿಂತಿದ್ದ ಅಲ್ಲಮನ ಕೈಗೆ ಆ ಯೋಗಿಯು ಲಿಂಗವನ್ನು ಇತ್ತನು. ಇತ್ತ ಗಳಿಗೆಯಲ್ಲಿಯೇ ಅವನ ಪ್ರಾಣ ಹೋಯಿತು. ಆ ಗಳಿಗೆಯಲ್ಲಿಯೇ ಅಲ್ಲಮನಿಗೆ ಅರಿವು ಮೂಡಿತು.

ಈ ಘಟನೆಯನ್ನು ಅವಸರದಲ್ಲಿ ಓದಿದರೆ ಇದೊಂದು ಪವಾಡವೆಂದು ತೋರೀತು. ನಿಧಾನವಾಗಿ ಓದಿದರೆ ಬೇರೆ ಕೆಲವು ಸಂಗತಿಗಳು ಕಾಣುತ್ತವೆ. ಕಳಸ ಕಂಡುದು ಹಠಾತ್ತಾಗಿ, ನಿಜ. ಗುಡಿ ಮಾತ್ರ ಹಠಾತ್ತಾಗಿ ಮೇಲೆದ್ದು ಬರಲಿಲ್ಲ. ಮಣ್ಣನ್ನು ಅಲ್ಲಮನೇ ತೋಡಬೇಕಾಯಿತು, ಬಾಗಿಲನ್ನು ಅವನೇ ತೆರೆಯಬೇಕಾಯಿತು. ಕಳಸವನ್ನು ಕಂಡು, ಚಿನ್ನ ಸಿಕ್ಕಿತೆಂದು ಅದನ್ನಷ್ಟೇ ಕಿತ್ತುಕೊಂಡು ಹೋಗುವವರೂ ಲೋಕದಲ್ಲಿ ಇದ್ದಾರೆ. ಮಿಂಚಿನಂತೆ ಹೊಳೆದ ಒಂದು ಭಾವವನ್ನು ನಾಲ್ಕು ದಿನ ಮೆಚ್ಚಿಕೊಂಡು ಮರೆತುಬಿಡುವುದು ಅದಕ್ಕಿಂತ ಬೇರೆಯೇನೂ ಅಲ್ಲ. ತಾನಾಗಿ ಬಂದುದು ಎಷ್ಟು, ಅಲ್ಲಮನು ಅಗೆದುದು ಎಷ್ಟು ಎಂಬ ಲೆಕ್ಕವನ್ನು ಹರಿಹರನು ಬಹಳ ಎಚ್ಚರದಿಂದ ಇಟ್ಟಿದ್ದಾನೆ.

ಇನ್ನೊಂದು ಸಂಗತಿಯೂ ಉಂಟು. ಅಲ್ಲಮನು ಈ ಕಥೆಯಲ್ಲಿ ಎರಡು ಸಾವುಗಳನ್ನು ಕಂಡಿದ್ದಾನೆ. ಕಾಮಲತೆಯು ಸತ್ತಾಗ ಅವನಿಗೆ ಲೋಕವೆಲ್ಲವೂ ಬರಿದಾಯಿತು. ಕೆಲವೇ ದಿನಗಳ ಅನಂತರ ಅನಿಮಿಷಯ್ಯನೂ ಅವನ ಕಣ್ಣೆದುರಿನಲ್ಲಿಯೇ ಪ್ರಾಣಬಿಟ್ಟನು. ಆಗ ಲೋಕವೆಲ್ಲವೂ ಬೆಳಗಿತು. ಸಾವು ಬದಲಾಗಲಿಲ್ಲ, ಅದು ಎರಡು ಸಲವೂ ಒಂದೇ. ಬದಲಾದುದು ಕಾಣುವ ಕಣ್ಣು. ಮೊದಲನೆಯ ಸಾವಿನಲ್ಲಿ ತನ್ನದಾಗಿದ್ದುದೆಲ್ಲ ಹೋಯಿತೆಂದು ಕೊರಗಿದವನು, ಎರಡನೆಯದರಲ್ಲಿ ಹೋಗುವುದು ಯಾವುದು, ಹೋಗದೆ ಕೈಯಲ್ಲಿ ಉಳಿಯುವುದು ಯಾವುದು ಎಂಬುದನ್ನು ಒಂದೇ ನೋಟದಲ್ಲಿ ಕಂಡನು. ಅನಿಮಿಷಯ್ಯನು ಒಂದು ಮಾತನ್ನೂ ಆಡಲಿಲ್ಲ. ಯಾವ ಶಾಸ್ತ್ರವನ್ನೂ ಬೋಧಿಸಲಿಲ್ಲ. ಬೋಧಿಸಿದ್ದರೆ, ದುಃಖದಲ್ಲಿ ಮುಳುಗಿದ್ದ ಆ ತರುಣನು ಅದನ್ನು ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ!

ಹಠಾತ್ತಾಗಿ ಹೊಳೆಯುವ ಅರಿವಿನ ಕಥೆಗಳು ಬೇರೆ ದೇಶಗಳಲ್ಲಿಯೂ ಇವೆ. ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸನ ಕಥೆಯನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಕ್ರಿ.ಪೂ. 3ನೆಯ ಶತಮಾನದಲ್ಲಿ ಸಿರಕ್ಯೂಸ್ ನಗರದ ರಾಜ ಹೀರೋನನು, ತನ್ನ ಕಿರೀಟದ ಚಿನ್ನಕ್ಕೆ ಬೆಳ್ಳಿ ಬೆರೆತಿದೆಯೇ ಎಂಬುದನ್ನು ಪತ್ತೆಹಚ್ಚುವಂತೆ ಅವನಿಗೆ ಹೇಳಿದನು. ಸ್ನಾನದ ತೊಟ್ಟಿಗೆ ಇಳಿದಾಗ ನೀರು ಹೊರಚೆಲ್ಲಿದುದನ್ನು ಕಂಡು ಅವನಿಗೆ ಉತ್ತರ ಹೊಳೆಯಿತು. ಮೈಮೇಲೆ ಬಟ್ಟೆಯಿಲ್ಲವೆಂಬುದನ್ನೂ ಮರೆತು ಬೀದಿಯಲ್ಲಿ ಓಡಿದನೆಂದು ಹೇಳುತ್ತಾರೆ. ಆರ್ಕಿಮಿಡೀಸನಿಗೆ ತಾನು ಹುಡುಕುತ್ತಿದ್ದುದೇ ಸಿಕ್ಕಿತು. ಅಲ್ಲಮನಿಗೆ ಹಾಗಲ್ಲ. ಅವನು ಹುಡುಕುತ್ತಿದ್ದುದು ಕಾಮಲತೆಯನ್ನು, ದೊರೆತುದು ಅನಿಮಿಷನ ಕೈಯ ಲಿಂಗ. ವಿಜ್ಞಾನಿಯ ಪ್ರಶ್ನೆಗೆ ಉತ್ತರ ಬಂದಿತು. ಮದ್ದಳೆಗಾರನ ಪ್ರಶ್ನೆಯೇ ಬದಲಾಗಿಹೋಯಿತು. ಇವೆರಡನ್ನೂ ಒಂದೇ ಮಾತಿನಿಂದ ಕರೆಯುವುದು ನಮ್ಮ ವಾಡಿಕೆಯಾದರೂ ಇವು ಒಂದೇ ಜಾತಿಯ ಅನುಭವಗಳಲ್ಲವೆಂದೇ ನನ್ನ ಎಣಿಕೆ.

ತರಗತಿಯಲ್ಲಿ ಈ ಕಥೆಯನ್ನು ಹೇಳಿದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿಯು ಕೇಳುವ ಪ್ರಶ್ನೆಯೊಂದುಂಟು: ಕಾಮಲತೆಯು ಬದುಕಿದ್ದರೆ ಅಲ್ಲಮನು ಏನಾಗುತ್ತಿದ್ದನು? ಒಳ್ಳೆಯ ಪ್ರಶ್ನೆ. ಚಾಮರಸನನ್ನೂ ಈ ಪ್ರಶ್ನೆ ಕಾಡಿರಬೇಕು. ತನ್ನ ಆರಾಧ್ಯನಾದ ಪ್ರಭುವು ಒಬ್ಬ ಹೆಣ್ಣಿಗಾಗಿ ಅತ್ತನೆಂಬುದನ್ನು ಅವನು ಒಪ್ಪಲಿಲ್ಲ. ಆದುದರಿಂದ ಕಥೆಯನ್ನೇ ಬದಲಿಸಿದನು. ಅವನ ಕಾವ್ಯದಲ್ಲಿ ಕಾಮಲತೆಯಿಲ್ಲ. ಅವಳಿಗೆ ಬದಲಾಗಿ ಬನವಾಸಿಯ ಅರಸು ಮಮಕಾರನ ಮಗಳಾಗಿ ಮಾಯಾದೇವಿಯು ಹುಟ್ಟಿ ಬರುತ್ತಾಳೆ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮನು ಮದ್ದಳೆ ಬಾರಿಸುತ್ತಾನೆ, ಅವಳು ಕುಣಿಯುತ್ತಾಳೆ. ಆದರೆ ಅವನು ಅವಳ ಕೈಗೆ ಸಿಕ್ಕುವುದಿಲ್ಲ. ನೆರಳನ್ನು ಹಿಡಿಯಹೋದವಳಂತೆ ಮಾಯೆ ಸೋಲುತ್ತಾಳೆ. ಇದು ಬಹು ಸೊಗಸಾದ ಕಾವ್ಯ, ಕನ್ನಡದ ಶ್ರೇಷ್ಠ ಕೃತಿಗಳಲ್ಲಿ ಒಂದು. ಆದರೂ ಮೊದಲಿನಿಂದಲೇ ಎಲ್ಲವನ್ನೂ ಬಲ್ಲವನಿಗೆ ಅರಿವು ಮೂಡುವ ಗಳಿಗೆಯೆಂಬುದು ಇರುವುದಿಲ್ಲ. ಹರಿಹರನೂ ಕಥೆಗೆ ಕೈಲಾಸದ ಪೀಠಿಕೆಯನ್ನು ಹಾಕಿದ್ದಾನಾದರೂ, ಭೂಮಿಗೆ ಬಂದ ಮೇಲೆ ಅವನ ಅಲ್ಲಮನು ನಮ್ಮಂತೆ ಪ್ರೀತಿಸಿದನು, ನಮ್ಮಂತೆ ಕಳೆದುಕೊಂಡನು. ನನಗೆ ಈ ಅಲ್ಲಮನೇ ಹತ್ತಿರದವನು. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವು ಹರಿಹರನಲ್ಲಿ ಇಲ್ಲ. ಕಾಮಲತೆಯ ಸಾವು ಒಳಿತೇ ಆಯಿತೆಂದು ಹೇಳುವ ಕ್ರೌರ್ಯವೂ ಅವನಲ್ಲಿ ಇಲ್ಲ.

ಅರಿವು ಮೂಡಿದ ಮೇಲೆ ಅಲ್ಲಮನು ಬಳ್ಳಿಗಾವಿಯಲ್ಲಿ ಉಳಿಯಲಿಲ್ಲ. ಹೊಸ ಮಠವನ್ನು ಕಟ್ಟಿ ತಾನು ಕಂಡುದನ್ನು ಸಾರಲೂ ಇಲ್ಲ. ಊರೂರು ತಿರುಗಿದನು. ಸಾವಿರಕ್ಕೂ ಮಿಕ್ಕಿ ವಚನಗಳನ್ನು ರಚಿಸಿದನು. ಅವುಗಳ ಅಂಕಿತ ಗುಹೇಶ್ವರ, ಎಂದರೆ ಗುಹೆಯಲ್ಲಿರುವ ಈಶ್ವರ. ನೆಲದೊಳಗೆ ಹೂತಿದ್ದ ಆ ಗುಡಿಯ ನೆನಪು ಈ ಅಂಕಿತದಲ್ಲಿ ಅಡಗಿರಬಹುದೆಂದು ಹೇಳುವ ವಿದ್ವಾಂಸರಿದ್ದಾರೆ. ವಚನಗಳ ಪೈಕಿ ಹಲವು ಬೆಡಗಿನವು. ಒಗಟಿನಂತೆ ಎದುರು ನಿಲ್ಲುವ ಅವು ಮೊದಲ ಓದಿಗೆ ಅರ್ಥವನ್ನು ಬಿಟ್ಟುಕೊಡುವುದಿಲ್ಲ.

ಆ ಗಳಿಗೆಯ ಬೆಲೆ ತಿಳಿಯಬೇಕಾದರೆ ಅನಂತರ ಅಲ್ಲಮನು ಯಾರ ಬಳಿಗೆ ಹೋದನು, ಏನು ಮಾಡಿದನು ಎಂಬುದನ್ನು ನೋಡಬೇಕು. ಶೂನ್ಯಸಂಪಾದನೆಯಲ್ಲಿ ಬರುವ ಮುಕ್ತಾಯಕ್ಕನ ಪ್ರಸಂಗವು ಈ ದೃಷ್ಟಿಯಿಂದ ಬಹು ಮುಖ್ಯವಾದುದು. ಲಕ್ಕುಂಡಿಯ ಅಜಗಣ್ಣನು ಮುಕ್ತಾಯಕ್ಕನಿಗೆ ಒಡಹುಟ್ಟಿದ ಅಣ್ಣ. ಅಷ್ಟೇ ಅಲ್ಲ, ಗುರುವೂ ಹೌದು. ಅವನು ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದೆ ಗುಪ್ತವಾಗಿ ಇರಿಸಿಕೊಂಡಿದ್ದವನು. ಅವನು ಇದ್ದಕ್ಕಿದ್ದಂತೆ ತೀರಿಕೊಂಡಾಗ ತಂಗಿಯು ಅವನ ದೇಹವನ್ನು ತೊಡೆಯ ಮೇಲೆ ಇರಿಸಿಕೊಂಡು ಪ್ರಲಾಪಿಸುತ್ತಿದ್ದಳು. ಆ ಹೊತ್ತಿಗೆ ಅಲ್ಲಮನು ಅಲ್ಲಿಗೆ ಬಂದನು. ಒಂದು ಕಾಲಕ್ಕೆ ತಾನು ಎಲ್ಲಿ ಕುಳಿತಿದ್ದನೋ ಅಲ್ಲಿಯೇ ಈಗ ಇನ್ನೊಬ್ಬಳು ಕುಳಿತಿದ್ದಾಳೆ.

ಬೇರೊಬ್ಬನಾಗಿದ್ದರೆ, ಸತ್ತವರಿಗಾಗಿ ಅಳಬಾರದು, ದೇಹ ನಶ್ವರವೆಂದು ಉಪದೇಶಿಸಿ ಮುಂದೆ ಹೋಗುತ್ತಿದ್ದನು. ಅಲ್ಲಮನು ಅವಳು ಯಾರೆಂದು, ಯಾರಿಗಾಗಿ ಅಳುತ್ತಿರುವಳೆಂದು ವಿಚಾರಿಸಿದನು. ಅವಳೊಡನೆ ಮಾತಿಗೆ ಕುಳಿತನು. ಮುಕ್ತಾಯಕ್ಕನಾದರೋ ಸುಲಭವಾಗಿ ಸಮಾಧಾನ ಹೊಂದುವವಳಲ್ಲ. ಅರಿತವನಿಗೆ ಮಾತೇಕೆ, ತನ್ನ ಅಣ್ಣನು ಅರಿವನ್ನು ಮೌನದಲ್ಲಿ ಅಡಗಿಸಿಕೊಂಡಿದ್ದನಲ್ಲವೇ, ಮಾತಿನ ಹಂಗು ಇನ್ನೂ ಬಿಡದ ನೀನು ಹೇಗೆ ಅರಿತವನೆಂದು ಪ್ರಭುವನ್ನೇ ತರಾಟೆಗೆ ತೆಗೆದುಕೊಂಡಳು. ಅಲ್ಲಮನು ಕೋಪಗೊಳ್ಳಲಿಲ್ಲ. ಅರಿತವನ ಮಾತು ತನಗಾಗಿ ಅಲ್ಲವೆಂಬುದನ್ನು ಅವಳಿಗೆ ಹಂತಹಂತವಾಗಿ ಮನಗಾಣಿಸಿದನು. ಮಾತಿಗೆ ಮಾತು ಕೊಡುತ್ತ ಹೋದಂತೆ ಅವಳ ಅಳಲು ಪ್ರಶ್ನೆಯಾಯಿತು, ಪ್ರಶ್ನೆಯು ಶೋಧನೆಯಾಯಿತು. ಅಣ್ಣನಲ್ಲಿ ತಾನು ಕಂಡ ಗುರುವು ಅಣ್ಣನ ದೇಹದೊಡನೆ ಹೋಗಿಲ್ಲವೆಂಬುದನ್ನು ಕೊನೆಗೆ ಅವಳು ಕಂಡುಕೊಂಡಳು. ಬಳ್ಳಿಗಾವಿಯ ತೋಟದಲ್ಲಿ ಅಲ್ಲಮನಿಗೆ ಮಾತಿಲ್ಲದೆ ಒಂದು ಗಳಿಗೆಯಲ್ಲಿ ದೊರೆತುದನ್ನು ಇವಳಿಗೆ ತಲುಪಿಸಲು ಅಷ್ಟೊಂದು ಮಾತು ಬೇಕಾಯಿತು.

ಅವನ ವಿಧಾನ ಯಾವಾಗಲೂ ಇಷ್ಟು ಮೃದುವಾಗಿರಲಿಲ್ಲ. ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರ. ಅಲ್ಲಿ ಸಿದ್ಧರಾಮನು ಕೆರೆಯನ್ನು ತೋಡಿಸುತ್ತ, ದೇವಾಲಯಗಳನ್ನು ಕಟ್ಟಿಸುತ್ತ ಲೋಕೋಪಕಾರದಲ್ಲಿ ಮುಳುಗಿದ್ದನು. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಂಥ ದೊಡ್ಡ ಕೆರೆಯ ದಂಡೆಯಲ್ಲಿ ಬಾಳುವವರಿಗೆ ಕೆರೆ ಕಟ್ಟಿಸುವ ಕೆಲಸದ ಹಿರಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಮನು ಅಲ್ಲಿಗೆ ಹೋದವನೇ, ಮಣ್ಣು ಕಲ್ಲುಗಳ ಕೆಲಸದವರ ಮುಖ್ಯಸ್ಥನು ಎಲ್ಲಿ ಎಂಬ ಧಾಟಿಯಲ್ಲಿ ಸಿದ್ಧರಾಮನನ್ನು ಹಗುರವಾಗಿ ಕರೆದು ಕೇಳಿದನು. ಕೆಲಸಗಾರರು ಸಿಟ್ಟಿನಿಂದ ಅವನ ಮೇಲೆ ಕಲ್ಲು ತೂರಿದರು. ಕಲ್ಲುಗಳು ಅವನನ್ನು ನೋಯಿಸದೆ ಸುತ್ತಲೂ ರಾಶಿಯಾಗಿ ಬಿದ್ದುವಂತೆ. ಸುದ್ದಿ ಕೇಳಿ ಸಿದ್ಧರಾಮನೇ ಕೆರಳಿ ಬಂದನು. ಆ ಕೋಪವನ್ನು ಹಿಡಿದೇ ಅಲ್ಲಮನು ಅವನ ಒಳಗನ್ನು ಅವನಿಗೆ ತೋರಿಸಿದನು: ಲೋಕಕ್ಕೆ ಒಳಿತು ಮಾಡುವವನಿಗೂ ತಾನು ಮಾಡಿದೆನೆಂಬುದು ಒಂದು ಕಟ್ಟಾಗಬಲ್ಲದು. ಅಲ್ಲಮನು ಕೆರೆಯನ್ನು ಹಳಿದನೆಂದು ಭಾವಿಸುವುದು ತಪ್ಪು. ಅವನ ಗುರಿ ಕಟ್ಟಿಸುವವನ ಅಭಿಮಾನವಾಗಿತ್ತು. ಸಿದ್ಧರಾಮನು ಅವನೊಡನೆ ಕಲ್ಯಾಣಕ್ಕೆ ಹೊರಟನು.

ಕಲ್ಯಾಣದಲ್ಲಿ ಆಗ ಬಿಜ್ಜಳನ ಮಂತ್ರಿಯಾಗಿದ್ದ ಬಸವಣ್ಣನವರ ಸುತ್ತ ಶರಣರ ದೊಡ್ಡ ಸಮೂಹವೇ ನೆರೆದಿತ್ತು. ಅಲ್ಲಮನು ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ತಲ್ಲೀನರಾಗಿದ್ದರು. ಹಡಪದ ಅಪ್ಪಣ್ಣನು ಸುದ್ದಿ ತಂದರೂ ಅವರು ಒಡನೆಯೇ ಏಳಲಿಲ್ಲ. ಅಂಗೈಯ ಲಿಂಗದಲ್ಲಿ ನೆಟ್ಟ ಕಣ್ಣಿನ ಅನಿಮಿಷನಿಂದ ಅರಿವು ಪಡೆದ ಅಲ್ಲಮನೇ, ಬಾಗಿಲಿಗೆ ಬಂದ ಜೀವವನ್ನು ಮರೆಸುವ ಪೂಜೆ ಎಂಥದೆಂದು ಇಲ್ಲಿ ಆಕ್ಷೇಪಿಸಿದನು. ಬಸವಣ್ಣನವರು ಕೂಡಲೇ ತಪ್ಪನ್ನು ಮನಗಂಡು ಓಡಿಬಂದು ಅವನನ್ನು ಬರಮಾಡಿಕೊಂಡರು. ಶರಣರ ಅನುಭವ ಗೋಷ್ಠಿಗೆ ಅಲ್ಲಮನು ಅಧ್ಯಕ್ಷನಾದನು. ಅವನು ಕುಳಿತ ಪೀಠಕ್ಕೆ ಶೂನ್ಯಸಿಂಹಾಸನವೆಂದು ಹೆಸರು. ಬಳ್ಳಿಗಾವಿಗೆ ಸಮೀಪದ ಉಡುತಡಿಯಿಂದ, ಉಟ್ಟ ಬಟ್ಟೆಯನ್ನೂ ತೊರೆದು ಅಕ್ಕಮಹಾದೇವಿಯು ಅಲ್ಲಿಗೆ ಬಂದಾಗ, ಅವಳನ್ನು ಅತ್ಯಂತ ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸಿದವನೂ ಅವನೇ. ಅವಳ ಉತ್ತರಗಳಲ್ಲಿ ಅಳುಕಿರಲಿಲ್ಲ. ತುಂಬಿದ ಸಭೆಯಲ್ಲಿ ಅವಳ ಹಿರಿಮೆಯನ್ನು ಮನಸಾರೆ ಒಪ್ಪಿಕೊಂಡವನೂ ಅವನೇ ಆಗಿದ್ದಾನೆ.

1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯೆದ್ದಿತು. ಬಿಜ್ಜಳನ ಆಳ್ವಿಕೆ ಮುಗಿಯಿತು, ಶರಣರು ಚೆದುರಿದರು. ಅಲ್ಲಮನ ಕೊನೆಯ ದಿನಗಳನ್ನು ಪರಂಪರೆಯು ಶ್ರೀಶೈಲದ ಕದಳಿಯೊಡನೆ ಸೇರಿಸಿ ಹೇಳುತ್ತದೆ. ಅವನ ಸಂಚಾರದ ಕಾಲದಲ್ಲಿ ಗೋರಕ್ಷನೆಂಬ ಸಿದ್ಧನೊಬ್ಬನು ಅವನಿಗೆ ಎದುರಾದನು. ಗೋರಕ್ಷನು ಸಾಧನೆಯಿಂದ ತನ್ನ ಮೈಯನ್ನು ವಜ್ರದಂತೆ ಮಾಡಿಕೊಂಡಿದ್ದನು. ಸಾವು ತನ್ನನ್ನು ಮುಟ್ಟಲಾರದೆಂಬ ಹೆಮ್ಮೆ ಅವನದು. ಕತ್ತಿಯಿಂದ ಹೊಡೆಯುವಂತೆ ಅವನು ಅಲ್ಲಮನಿಗೆ ಹೇಳಿದನು. ಅಲ್ಲಮನು ಹೊಡೆದಾಗ ಕತ್ತಿಯು ಅವನ ಮೈಗೆ ತಾಗಿ ಖಣಿಲೆಂದಿತು, ಕೂದಲೂ ಕೊಂಕಲಿಲ್ಲ. ಬಳಿಕ ಅದೇ ಕತ್ತಿಯನ್ನು ಅವನ ಕೈಗೆ ಕೊಟ್ಟು, ತನ್ನನ್ನು ಹೊಡೆಯೆಂದು ಅಲ್ಲಮನು ನಿಂತನು. ಗೋರಕ್ಷನು ಬೀಸಿದನು. ಕತ್ತಿಯು ಅಲ್ಲಮನ ಮೈಯೊಳಗಿಂದ ಬಯಲಿನಲ್ಲಿ ಹಾದಂತೆ ಹಾದುಹೋಯಿತು. ತಾಗಿದ ಸದ್ದೂ ಕೇಳಲಿಲ್ಲ. ಮತ್ತೆ ಮತ್ತೆ ಬೀಸಿ ನೋಡಿದ ಗೋರಕ್ಷನು ಕತ್ತಿಯನ್ನು ಕೆಳಗಿಟ್ಟು, ಇದು ಏನೆಂದು ತನಗೆ ತಿಳಿಸಬೇಕೆಂದು ಬೇಡಿಕೊಂಡನು.